ಮಂಜಿನ ದಾರಿಗೆ ಎಂಥ ದೀಪ?



ನನ್ನ ಮುಂದಿನ ಈ ಮೇಜಿನ ಮೇಲೆ ಎರಡು ದೀಪಗಳಿವೆ. ಒಂದು, ಮೊಳದುದ್ದದ ಅಲ್ಯೂಮಿನಿಯಂ ಪಟ್ಟಿ. ಅದರೊಳಗೆ ಎಲ್‌ಇಡಿಗಳನ್ನು ಎರಡು ಸಾಲಾಗಿ ಕೂರಿಸಿದ್ದಾರೆ. ಮಾರುಕಟ್ಟೆಯಲ್ಲಿ ಇದಕ್ಕೆ ಲೈಟ್ ಬಾರ್ ಎನ್ನುತ್ತಾರೆ. ಇನ್ನೊಂದು, ಅಂಗೈಯಗಲದ ದುಂಡು ದೀಪ. ಗಾಜು ಹಳದಿ, ಸುತ್ತಲಿನ ತಗಡಿಗೆ ಅಲ್ಲಲ್ಲಿ ತುಕ್ಕು ಹಿಡಿದಿದೆ. ಇವೆರಡೂ ಸಾಗರ ತಾಲ್ಲೂಕಿನ ಬ್ಯಾಕೋಡಿನ ಒಂದೇ ಜೀಪಿನಿಂದ ಬಂದವು. ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಜೀಪಿಗೆ ಹೆಡ್‌ಲೈಟಿನ ಜೊತೆಗೆ ಇನ್ನೊಂದು ದೀಪ ಹಾಕಿಸಬೇಕಾದರೆ ಇವೆರಡರಲ್ಲಿ ಯಾವುದನ್ನು ಆರಿಸುತ್ತೀರಿ? ನಿಮ್ಮಲ್ಲಿ ಹೆಚ್ಚಿನವರ ಬೆರಳು ಪಟ್ಟಿಯ ಕಡೆಗೇ ತೋರಿಸುತ್ತದೆಂದು ನನಗೆ ಗೊತ್ತು. ಒಂದು ರಾತ್ರಿಯ ಅನುಭವ ಆಗುವವರೆಗೆ ನನ್ನ ಉತ್ತರವೂ ಅದೇ ಆಗಿತ್ತು.

ಬ್ಯಾಕೋಡನ್ನು ನೋಡದವರಿಗಾಗಿ ಎರಡು ಮಾತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ನೀರು ಹಿಂದಕ್ಕೆ ಹರಡಿ ಎಷ್ಟೋ ಊರು, ಗದ್ದೆ, ತೋಟಗಳು ಮುಳುಗಿದವು. ತುಮರಿ, ಬ್ಯಾಕೋಡು ಮೊದಲಾದ ಊರುಗಳು ನೀರಿನ ಆಚೆ ಉಳಿದವು. ತಾಲ್ಲೂಕಿನ ಕೇಂದ್ರವಾದ ಸಾಗರ ಈಚೆ ಉಳಿಯಿತು. ನಡುವಿನ ಹಿನ್ನೀರನ್ನು ದಾಟಿಸುತ್ತಿದ್ದುದು ಹೊಳೆಬಾಗಿಲಿನ ಲಾಂಚು. ಸಂಜೆಯಾದ ಮೇಲೆ ಲಾಂಚು ದಡ ಸೇರಿ ನಿಲ್ಲುತ್ತಿತ್ತು. ಆಮೇಲೆ ಯಾರಿಗಾದರೂ ಸಾಗರದ ಆಸ್ಪತ್ರೆ ಬೇಕಾದರೆ ಕೋಗಾರು, ಕಾರ್ಗಲ್, ಜೋಗದ ಮೇಲೆ ಕಾಡಿನ ನಡುವೆ ಬಲು ದೂರ ಸುತ್ತಿ ಹೋಗಬೇಕಾಗಿತ್ತು. ಅದೇ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ತಿರುಗಿ 1035 ಮೆಗಾವ್ಯಾಟ್‌ವರೆಗೆ ವಿದ್ಯುತ್ತು ಕೊಡುತ್ತವೆ. ನಾಡಿಗೆಲ್ಲ ದೀಪ ಹತ್ತಿದ ಮೇಲೂ ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ಬಹಳ ವರ್ಷ ಚಿಮಣಿಯೇ ಉರಿಯುತ್ತಿತ್ತು. ಆದ್ದರಿಂದ ಬೆಳಕಿನ ವಿಚಾರವನ್ನು ಅಲ್ಲಿಯವರ ಮುಂದೆ ಮಾತನಾಡುವಾಗ ನಾವು ಸ್ವಲ್ಪ ದನಿ ತಗ್ಗಿಸುವುದು ಒಳ್ಳೆಯದು.

ಸೇತುವೆ ಆಗುವುದಕ್ಕೆ ಮೊದಲಿನ ಒಂದು ಜುಲೈ ತಿಂಗಳು. ಚಿತ್ರೀಕರಣಕ್ಕೆಂದು ನಾವು ಐದು ಜನ ಬ್ಯಾಕೋಡಿಗೆ ಹೋಗಿದ್ದೆವು. ರಾತ್ರಿ ಊಟದ ಹೊತ್ತಿಗೆ ನಮ್ಮ ಕ್ಯಾಮೆರಾ ಸಹಾಯಕನಿಗೆ ಹೊಟ್ಟೆಯ ಬಲಭಾಗದಲ್ಲಿ ನೋವು ಶುರುವಾಗಿ ಗಂಟೆಯೊಳಗೆ ತಡೆಯಲಾರದಷ್ಟಾಯಿತು. ಲಾಂಚು ನಿಂತಿತ್ತು. ಊರಿನ ಜೀಪಿನ ಯಜಮಾನರೊಬ್ಬರು ಎರಡನೆಯ ಮಾತಾಡದೆ ಹೊರಟರು. ಅವರ ಜೀಪಿನ ತಲೆಯ ಮೇಲೆ ಆ ತಿಂಗಳಷ್ಟೇ ಹಾಕಿಸಿದ ಈ ಪಟ್ಟಿ ಇತ್ತು. ಬಂಪರಿನ ಕೆಳಗೆ ಹಳೆಯ ಹಳದಿ ದೀಪಗಳ ಜೋಡಿಯೂ ಇತ್ತು. ಪಟ್ಟಿ ಹತ್ತಿಸಿದೊಡನೆ ಅಂಗಳದ ಅಡಿಕೆ ಮರಗಳ ತುದಿಯವರೆಗೆ ಹಗಲಾಯಿತು. ಇಂಥ ದೀಪವಿರುವಾಗ ಹೆದರಿಕೆಯೇನು ಎಂದುಕೊಂಡೆ.

ಕೋಗಾರಿನ ಕಡೆಗೆ ಏರಿದಂತೆ ಮೋಡ ರಸ್ತೆಗೇ ಇಳಿದಿತ್ತು. ಒಂದು ತಿರುವಿನಲ್ಲಿ ಮುಂದಿನದೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಜೀಪು ನಿಂತಿತು. "ಯಾಕಣ್ಣ ನಿಲ್ಲಿಸಿದಿರಿ?" ಎಂದು ಕೇಳಿದೆ. "ಎಂತ ಕಾಣ್ತದೆ ಸಾರ್? ಇದು ಬೆಳಕಲ್ಲ, ಗೋಡೆ" ಎಂದರು. ಅವರು ಪಟ್ಟಿಯನ್ನು ಆರಿಸಿದರು. ಕಣ್ಣು ಹೊಂದಿಕೊಂಡ ಮೇಲೆ, ಹೆಡ್‌ಲೈಟಿನ ತಗ್ಗಿದ ಬೆಳಕಿನಲ್ಲಿ ನಾಲ್ಕಾರು ಮಾರು ರಸ್ತೆ ಮಸುಕಾಗಿ ತೋರಿತು. ಹಳದಿ ದೀಪಗಳು ಹತ್ತಿದವು, ಆದರೆ ಕೆಂಡದಂತೆ ಮಿಣುಕುತ್ತಿದ್ದವು. ಕೊನೆಗೆ ಅವರ ಮಗ ಒಂದು ಟಾರ್ಚು ಹಿಡಿದು ರಸ್ತೆಯ ಅಂಚು ತೋರಿಸುತ್ತ ಮುಂದೆ ನಡೆದ. ಅವನ ಹಿಂದೆ ಜೀಪು. ಅವನು ಟಾರ್ಚನ್ನು ಎದೆಯ ಮಟ್ಟದಲ್ಲಿ ಹಿಡಿಯದೆ ಮೊಣಕಾಲಿನ ಬಳಿ ಇಳಿಬಿಟ್ಟು ಹಿಡಿದಿದ್ದುದನ್ನು ನಾನು ಗಮನಿಸಿದೆ. ಮಂಜು ದಾಟಲು ಎಷ್ಟು ಹೊತ್ತಾಯಿತೋ ಗಡಿಯಾರ ನೋಡುವ ಧೈರ್ಯ ನನಗಿರಲಿಲ್ಲ. ಬೆಳಗಿನ ಜಾವ ಸಾಗರ ಮುಟ್ಟಿದೆವು. ಅಪೆಂಡಿಸೈಟಿಸ್ ಎಂದು ವೈದ್ಯರು ಹೇಳಿ ಅಂದೇ ಶಸ್ತ್ರಚಿಕಿತ್ಸೆ ಮಾಡಿದರು. ಹುಡುಗ ಉಳಿದ. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂಬ ಮಾತನ್ನು ವೈದ್ಯರು ಅರ್ಧಕ್ಕೇ ನಿಲ್ಲಿಸಿದರು.

ಅಷ್ಟು ದೊಡ್ಡ ದೀಪ ಯಾಕೆ ಕೈಕೊಟ್ಟಿತು? ನಾನು ವಿಜ್ಞಾನ ಓದಿದವನು. ವೃತ್ತಿಯಲ್ಲಿ ದಿನವೂ ದೀಪಗಳ ನಡುವೆಯೇ ಇರುವವನು. ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಒಂದೊಂದು ಹನಿಯ ಅಡ್ಡಳತೆ ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಬೆಳಕು ಹನಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಹೆಚ್ಚಿನದು ಮುಂದಕ್ಕೆ ಹೋದರೂ ಒಂದು ಪಾಲು ಹಿಂದಕ್ಕೆ, ಅಂದರೆ ದೀಪ ಬಂದ ಕಡೆಗೇ ಮರಳುತ್ತದೆ. ಈಗ ವಿಲೋಮ ವರ್ಗ ನಿಯಮವನ್ನು ನೆನಪಿಸಿಕೊಳ್ಳಿ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದಾಗುತ್ತದೆ. ದೀಪದಿಂದ 20 ಮೀಟರ್ ದೂರದ ಕಲ್ಲಿನ ಮೇಲೆ ಬೀಳುವ ಬೆಳಕಿಗಿಂತ 2 ಮೀಟರ್ ದೂರದ ಮಂಜಿನ ಹನಿಯ ಮೇಲೆ ಬೀಳುವುದು 100 ಪಟ್ಟು ಹೆಚ್ಚು. ಕಲ್ಲಿನಿಂದ ಮರಳುವ ಬೆಳಕು ಮತ್ತೆ ಅಷ್ಟೂ ಮಂಜನ್ನು ದಾಟಿ ಬರಬೇಕು. ಹತ್ತಿರದ ಹನಿಗಳ ಬೆಳಕಿಗೆ ಅಂಥ ತಡೆಯೇನಿಲ್ಲ, ಅದು ನೇರ ಕಣ್ಣಿಗೆ ಬರುತ್ತದೆ. ದೀಪದ ಶಕ್ತಿಯನ್ನು ಇಮ್ಮಡಿ ಮಾಡಿದರೆ ಕಲ್ಲೂ ಇಮ್ಮಡಿ ಬೆಳಗುತ್ತದೆ, ಮಂಜೂ ಇಮ್ಮಡಿ ಬೆಳಗುತ್ತದೆ. ಕಲ್ಲು ಕಾಣಬೇಕಾದರೆ ಅದಕ್ಕೂ ಅದರ ಮುಂದಿನ ಬಿಳುಪಿಗೂ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸ ಹೆಚ್ಚುವುದೇ ಇಲ್ಲ. ಅದರ ಮೇಲೆ, ಎದುರಿನ ಬಿಳುಪಿಗೆ ಕಣ್ಣಿನ ಪಾಪೆ ಕುಗ್ಗಿ ಇದ್ದಬದ್ದ ಮಸುಕು ರೂಪವೂ ಅಳಿಸುತ್ತದೆ.

ಆದರೆ ದೀಪ ಎಲ್ಲಿದೆ ಎಂಬುದು ಲೆಕ್ಕವನ್ನೇ ಬದಲಿಸುತ್ತದೆ. ಪಟ್ಟಿ ಚಾಲಕನ ತಲೆಯ ಮೇಲೆಯೇ ಇದೆ. ಅವನ ದೃಷ್ಟಿರೇಖೆಯೂ ಬೆಳಕಿನ ದಾರಿಯೂ ಹೆಚ್ಚುಕಡಿಮೆ ಒಂದೇ. ಅತಿ ಹೊಳೆಯುವ ಹತ್ತಿರದ ಮಂಜಿನ ಮೂಲಕವೇ ಅವನು ನೋಡಬೇಕು. ದೀಪ ಬಂಪರಿನ ಕೆಳಗಿದ್ದು, ಅದರ ಬೆಳಕು ಮೇಲೇಳದೆ ನೆಲದ ಮೇಲೆ ಚಾಪೆ ಹಾಸಿದಂತೆ ಹರಡಿದರೆ, ಹೊಳೆಯುವ ಮಂಜು ಕಣ್ಣಿನ ಮಟ್ಟಕ್ಕಿಂತ ಕೆಳಗೇ ಉಳಿಯುತ್ತದೆ. ದೃಷ್ಟಿರೇಖೆ ಕತ್ತಲೆಯ ಮಂಜಿನಲ್ಲಿ ಸಾಗಿ, ದೂರದಲ್ಲಿ ನೆಲದ ಹತ್ತಿರ ಮಾತ್ರ ಬೆಳಕನ್ನು ಸೇರುತ್ತದೆ. ಮಂಜಿನ ದೀಪದ ಗುಟ್ಟೆಲ್ಲ ಇಷ್ಟೇ. ಅದರ ಬೆಳಕಿನ ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ಸಪಾಟಾಗಿರಬೇಕು, ಅಗಲ ಹೆಚ್ಚಿರಬೇಕು, ಜಾಗ ತಗ್ಗಿನಲ್ಲಿರಬೇಕು.

ಇದನ್ನು ನೀವು ಮನೆಯಲ್ಲೇ ನೋಡಬಹುದು. ಬಚ್ಚಲಿನ ಹಂಡೆಯಲ್ಲಿ ನೀರು ಚೆನ್ನಾಗಿ ಕಾದು ಹಬೆ ತುಂಬಿದಾಗ, ದೀಪ ಆರಿಸಿ, ಹಂಡೆಯಿಂದ ದೂರವೇ ನಿಂತು ಒಂದು ಟಾರ್ಚನ್ನು ಹಣೆಯ ಪಕ್ಕದಲ್ಲಿ ಹಿಡಿದು ಎದುರಿನ ಗೋಡೆ ನೋಡಿ. ಆಮೇಲೆ ಅದೇ ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ನೋಡಿ. ಟಾರ್ಚು ಅದೇ, ಸೆಲ್ಲು ಅದೇ. ಕಾಣುವುದು ಮಾತ್ರ ಬೇರೆ.

ತಗ್ಗಿನ ದೀಪಕ್ಕೆ ಇನ್ನೊಂದು ಲಾಭವಿದೆ. ನಮ್ಮ ಸ್ಟುಡಿಯೋದಲ್ಲಿ ಕಲಾವಿದರ ಮುಖಕ್ಕೆ ಕ್ಯಾಮೆರಾದ ನೆತ್ತಿಯಿಂದಲೇ ನೇರ ಬೆಳಕು ಹಾಕಿದರೆ ಮೂಗು, ಕೆನ್ನೆ ಎಲ್ಲ ಸಮನಾಗಿ ಮುಖ ತಟ್ಟೆಯಂತೆ ಕಾಣುತ್ತದೆ. ಬೆಳಕನ್ನು ಪಕ್ಕಕ್ಕೆ ಸರಿಸಿದರೆ ನೆರಳು ಮೂಡಿ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ರಸ್ತೆಗೂ ಇದೇ ಮಾತು. ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ಹೊಂಡಗಳನ್ನು ತೋರಿಸುವುದು ನೆರಳು. ತಗ್ಗಿನಿಂದ ಬಂದ ಬೆಳಕು ಸಣ್ಣ ಕಲ್ಲಿಗೂ ಉದ್ದ ನೆರಳು ಎಳೆಯುತ್ತದೆ. ನೆತ್ತಿಯ ಬೆಳಕು ಹೊಂಡವನ್ನು ತುಂಬಿ ಸಪಾಟು ಮಾಡಿ ತೋರಿಸುತ್ತದೆ. ಲಾಟೀನು ಹಿಡಿದು ತೋಟದ ದಾರಿಯಲ್ಲಿ ನಡೆಯುತ್ತಿದ್ದ ಹಿರಿಯರು ಅದನ್ನು ಮೊಣಕಾಲಿನ ಪಕ್ಕದಲ್ಲಿ ತೂಗಾಡಿಸಿಕೊಂಡೇ ಹೋಗುತ್ತಿದ್ದರು. ಬೇರು, ಕಲ್ಲು, ಹಾವು ಯಾವುದಿದ್ದರೂ ಅದರ ನೆರಳು ಮೊದಲು ಕಾಣುತ್ತಿತ್ತು. ಆ ರಾತ್ರಿಯ ಹುಡುಗ ಟಾರ್ಚು ಹಿಡಿದ ರೀತಿಯನ್ನು ಯಾವ ಪಠ್ಯಪುಸ್ತಕದಿಂದಲೂ ಕಲಿತಿರಲಿಲ್ಲ.

ಹಾಗಾದರೆ ಹಳದಿ ಬಣ್ಣ ಯಾಕೆ? ಹಳದಿ ಬೆಳಕು ಮಂಜನ್ನು ತೂರಿ ಹೋಗುತ್ತದೆಂದು ಅಂಗಡಿಯವರೂ ಹೇಳುತ್ತಾರೆ, ಕೆಲವು ಮೇಷ್ಟರೂ ಹೇಳುತ್ತಾರೆ. ಆಕಾಶದ ನೀಲಿಗೆ ಕಾರಣವಾದ ರ್‍ಯಾಲೆ ಚದುರುವಿಕೆಯನ್ನು ಇದಕ್ಕೆ ಆಧಾರವಾಗಿ ಕೊಡುತ್ತಾರೆ. ಅದು ಸರಿಯಲ್ಲ. ರ್‍ಯಾಲೆಯ ನಿಯಮ ಬೆಳಕಿನ ತರಂಗದೂರಕ್ಕಿಂತ ಬಹಳ ಸಣ್ಣ ಕಣಗಳಿಗೆ, ಅಂದರೆ ಗಾಳಿಯ ಅಣುಗಳಂಥವಕ್ಕೆ ಹೊಂದುತ್ತದೆ. ಮಂಜಿನ ಹನಿ ತರಂಗದೂರಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ ಸಾಕ್ಷಿ. ಆದರೂ ಹಳದಿಯ ಪಕ್ಷದಲ್ಲಿ ಒಂದು ಮಾತಿದೆ. ನೀಲಿ ಹೆಚ್ಚಿರುವ ಬೆಳಕು ಕಣ್ಣನ್ನು ಹೆಚ್ಚು ಕೋರೈಸುತ್ತದೆ, ಬೇಗ ದಣಿಸುತ್ತದೆ. ಹ್ಯಾಲೊಜನ್ ದೀಪದ ಬಣ್ಣದ ತಾಪ 3200 ಕೆಲ್ವಿನ್ ಸುಮಾರು. ಅಗ್ಗದ ಎಲ್‌ಇಡಿಗಳದು 6000 ಅಥವಾ ಅದಕ್ಕೂ ಮೇಲೆ, ಅಂದರೆ ನೀಲಿ ಮಿಶ್ರಿತ ಬಿಳುಪು. ಫ್ರಾನ್ಸ್ ದೇಶ 1936ರಲ್ಲಿ ಕಾನೂನು ಮಾಡಿ ವಾಹನಗಳಿಗೆಲ್ಲ ಹಳದಿ ಹೆಡ್‌ಲೈಟನ್ನೇ ಕಡ್ಡಾಯಗೊಳಿಸಿತ್ತು. 1993ರಲ್ಲಿ ಯುರೋಪಿನ ಉಳಿದ ದೇಶಗಳೊಡನೆ ಹೊಂದಿಕೊಳ್ಳಲು ಅದನ್ನು ಕೈಬಿಟ್ಟಿತು. ನನ್ನ ಸಲಹೆ ಕೇಳಿದರೆ ಬೆಳಕಿನ ಆಕಾರ ಮೊದಲು ನೋಡಿ, ಬಣ್ಣ ಆಮೇಲೆ. ಆಕಾರ ಸರಿಯಿದ್ದು ಬಣ್ಣವೂ ಹಳದಿಯಾದರೆ ಬೇಡವೆನ್ನಬೇಡಿ.

ಇನ್ನು ದೂರದ ಮಾತು. ಒಂದು ಕಿಲೋಮೀಟರ್ ದೂರಕ್ಕೆ ಬೆಳಕು ಚೆಲ್ಲುವ ದೀಪ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ನಮಗೆ ಎಷ್ಟು ದೂರ ಬೇಕು? ಜೀಪು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದೆ ಎನ್ನೋಣ. ಅಂದರೆ ಸೆಕೆಂಡಿಗೆ 8.3 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಹನ್ನೆರಡೂವರೆ ಮೀಟರ್ ಹೋಗಿರುತ್ತೇವೆ. ಒದ್ದೆ ಡಾಂಬರಿನಲ್ಲಿ ಸೆಕೆಂಡಿಗೆ 4 ಮೀಟರಿನಂತೆ ವೇಗ ಇಳಿದರೆ ನಿಲ್ಲಲು ಇನ್ನೂ 9 ಮೀಟರ್ ಬೇಕು, ಒಟ್ಟು 21. ಕೆಸರಿನಲ್ಲಿ ಹಿಡಿತ ಅರ್ಧವಾದರೆ ಒಟ್ಟು 30. ಘಟ್ಟದ ತಿರುವುಗಳಲ್ಲಿ 30ಕ್ಕಿಂತ ಹೆಚ್ಚು ವೇಗ ಯಾರಿಗೂ ಬೇಡ. ಅಂದಮೇಲೆ ಅಲ್ಲಿ ಬೇಕಾದ್ದು 30, 40 ಮೀಟರಿನವರೆಗಿನ ಚೆನ್ನಾದ ಬೆಳಕು, ಜೊತೆಗೆ ತಿರುವಿನ ಒಳಬದಿಯೂ ಚರಂಡಿಯ ಅಂಚೂ ಕಾಣುವಷ್ಟು ಅಗಲ. ಕಿಲೋಮೀಟರ್ ಓಡುವ ಚೂಪು ಬೆಳಕು ತಿರುವಿನಲ್ಲಿ ಎದುರುಗುಡ್ಡದ ಮರವನ್ನು ಬೆಳಗುತ್ತದೆ. ರಸ್ತೆ ಆಗಲೇ ಬೇರೆ ಕಡೆಗೆ ತಿರುಗಿರುತ್ತದೆ.

60 ಕಿಲೋಮೀಟರ್ ವೇಗದಲ್ಲಿ ಒದ್ದೆ ಹೆದ್ದಾರಿಯಲ್ಲಿ ಹೋಗುವಾಗ ನಿಲ್ಲಲು ಅದೇ ಲೆಕ್ಕದಲ್ಲಿ 60 ಮೀಟರ್ ಬೇಕು. ಅಂಥ ನೇರ ರಸ್ತೆಯಲ್ಲಿ, ಎದುರು ವಾಹನ ಇಲ್ಲದಾಗ, ಹೆಡ್‌ಲೈಟಿನ ಹೈ ಬೀಮಿಗೆ ಜೊತೆಯಾಗುವ ಡ್ರೈವಿಂಗ್ ಲ್ಯಾಂಪು ಉಪಯೋಗಕ್ಕೆ ಬರುತ್ತದೆ. ರಾಜಸ್ಥಾನದ ಮರಳುಗಾಡಿನಲ್ಲಿ ಓಡಿಸುವವರು ತಲೆಯ ಮೇಲಿನ ಪಟ್ಟಿಯನ್ನು ಮೆಚ್ಚುತ್ತಾರೆ. ಅಲ್ಲಿ ಗಾಳಿ ಒಣಗಿರುತ್ತದೆ, ದಿಬ್ಬದಾಚೆಯದು ಕಾಣಬೇಕಾಗಿರುತ್ತದೆ. ಅವರ ಮಾತು ಅವರ ನೆಲಕ್ಕೆ ಸರಿ. ನಾವು ಅವರ ಚಿತ್ರ ನೋಡಿ ಕೊಡಚಾದ್ರಿಗೆ ದೀಪ ಕೊಳ್ಳುತ್ತೇವೆ, ತಪ್ಪಾಗುವುದು ಅಲ್ಲಿ. 1343 ಮೀಟರ್ ಎತ್ತರದ ಆ ಬೆಟ್ಟದ ದಾರಿಯಲ್ಲಿ ಮಳೆಗಾಲದ ನಡುಮಧ್ಯಾಹ್ನವೇ ದೀಪ ಹಾಕಿಕೊಂಡು ಹೋಗಬೇಕಾಗುತ್ತದೆ.

ಅಂಗಡಿಯಲ್ಲಿ ನಿಮ್ಮನ್ನು ಲ್ಯೂಮೆನ್ ಎಂಬ ಅಂಕಿಯಿಂದ ಹೆದರಿಸುತ್ತಾರೆ. ಲ್ಯೂಮೆನ್ ಎಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು. ಅದು ಎಲ್ಲಿ ಬೀಳುತ್ತದೆಂಬುದನ್ನು ಹೇಳುವುದಿಲ್ಲ. ಒಂದು ದಿಕ್ಕಿನಲ್ಲಿ ಎಷ್ಟು ತೀವ್ರ ಎಂಬುದಕ್ಕೆ ಕ್ಯಾಂಡೆಲಾ, ಬಿದ್ದ ಜಾಗದಲ್ಲಿ ಎಷ್ಟು ಎಂಬುದಕ್ಕೆ ಲಕ್ಸ್ ಎಂಬ ಅಳತೆಗಳಿವೆ. 50,000 ಕ್ಯಾಂಡೆಲಾದ ದೀಪ 100 ಮೀಟರಿನಲ್ಲಿ 5 ಲಕ್ಸ್ ಕೊಡುತ್ತದೆ, 200 ಮೀಟರಿನಲ್ಲಿ ಒಂದೂಕಾಲು ಮಾತ್ರ. ಇನ್ನೊಂದು ಸುಲಭ ಪರೀಕ್ಷೆ ಹೇಳಿಕೊಡುತ್ತೇನೆ. ಅಗ್ಗದ ಎಲ್‌ಇಡಿ ದೀಪ ಒಂದು ವ್ಯಾಟಿಗೆ ಹೆಚ್ಚೆಂದರೆ ಸುಮಾರು 100 ಲ್ಯೂಮೆನ್ ಕೊಟ್ಟೀತು. ಈ ಪಟ್ಟಿಯ ಡಬ್ಬಿಯ ಮೇಲೆ 20,000 ಲ್ಯೂಮೆನ್ ಎಂದಿತ್ತು. ನಾವು ಅಳೆದಾಗ ಇದು 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯಿತು. ಗುಣಿಸಿ ನೋಡಿ, 36 ವ್ಯಾಟ್. ಮೂರೂವರೆ ಸಾವಿರ ಲ್ಯೂಮೆನ್ ಇದ್ದರೂ ಹೆಚ್ಚು. ಒಳ್ಳೆಯ ಹ್ಯಾಲೊಜನ್ ಎಚ್4 ಬಲ್ಬು 60 ವ್ಯಾಟಿನ ಹೈ ಬೀಮಿನಲ್ಲಿ ಸುಮಾರು 1650, 55 ವ್ಯಾಟಿನ ಲೋ ಬೀಮಿನಲ್ಲಿ ಸುಮಾರು 1000 ಲ್ಯೂಮೆನ್ ಕೊಡುತ್ತದೆ. ಅದನ್ನು ಸರಿಯಾದ ಜಾಗಕ್ಕೆ ಕಳಿಸುವ ಪ್ರತಿಫಲಕವಿದ್ದರೆ ಅಷ್ಟೇ ಬೆಳಕು ಬಹಳ ಕೆಲಸ ಮಾಡುತ್ತದೆ.

ಎಲ್‌ಇಡಿಯನ್ನು ನಾನು ದೂರುತ್ತಿಲ್ಲ. ಕಡಿಮೆ ವಿದ್ಯುತ್ತಿಗೆ ಹೆಚ್ಚು ಬೆಳಕು, ಅಲುಗಾಟಕ್ಕೆ ತುಂಡಾಗುವ ತಂತು ಅದರಲ್ಲಿಲ್ಲ. ಮಂಜಿಗೆಂದೇ ಮಾಡಿದ, ಮೇಲಂಚು ಸಪಾಟಾದ ಎಲ್‌ಇಡಿ ದೀಪಗಳೂ ಸಿಗುತ್ತವೆ, ಬಹಳ ಚೆನ್ನಾಗಿವೆ. ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗೆ 'ಇ' ಅಕ್ಷರದ ಮುದ್ರೆ ಇದೆಯೇ, ಜೊತೆಗೆ ಮಂಜಿನ ದೀಪವೆಂದು ತೋರಿಸುವ 'ಬಿ' ಅಥವಾ 'ಎಫ್3' ಗುರುತಿದೆಯೇ ನೋಡಿ. ಕೆಡುಕಾಗುವುದು ಎಲ್ಲಿ ಎಂದರೆ, ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹಳೆಯ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದಾಗ. ನಿಮ್ನ ದರ್ಪಣದ ಪಾಠ ನೆನಪಿಸಿಕೊಳ್ಳಿ. ಪರವಲಯಾಕಾರದ ಪ್ರತಿಫಲಕದ ಸಂಗಮ ಬಿಂದುವಿನಲ್ಲಿ ದೀಪವಿದ್ದರೆ ಕಿರಣಗಳು ಸಮಾಂತರವಾಗಿ ಹೊರಡುತ್ತವೆ. ತಂತು ಒಂದೆರಡು ಮಿಲಿಮೀಟರ್ ಸರಿದರೂ ಬೆಳಕಿನ ಆಕಾರ ಕೆಡುತ್ತದೆ. ಎಲ್‌ಇಡಿಯ ಚಪ್ಪಟೆ ಬಿಲ್ಲೆ ತಂತುವಿನ ಆಕಾರದ್ದೂ ಅಲ್ಲ, ಎಷ್ಟೋ ಸಲ ಅದೇ ಜಾಗದಲ್ಲಿಯೂ ಇರುವುದಿಲ್ಲ. ಮೇಲೆ ಹೋಗಬಾರದ ಬೆಳಕು ಮೇಲೆ ಹೋಗಿ ಎದುರಿನವರ ಕಣ್ಣಿಗೆ ರಾಚುತ್ತದೆ.

ಈಗ ಆ ರಾತ್ರಿಯ ಹಳದಿ ದೀಪಗಳಿಗೆ ಬರೋಣ. ಅವು ಜಾಗದಲ್ಲೂ ಆಕಾರದಲ್ಲೂ ಸರಿಯಾಗಿಯೇ ಇದ್ದವು. ಮಿಣುಕಿದ್ದು ಯಾಕೆ? ಹುಡುಗನಿಗೆ ವಾಸಿಯಾದ ಮೇಲೆ ಚಿತ್ರೀಕರಣ ಮುಗಿಸಲು ನಾವು ಮತ್ತೆ ಬ್ಯಾಕೋಡಿಗೆ ಹೋದೆವು. ನಮ್ಮ ಧ್ವನಿಗ್ರಾಹಕರ ಬಳಿ ಮಲ್ಟಿಮೀಟರ್ ಇತ್ತು. ದೀಪ ಹತ್ತಿಸಿ ಅಳೆದೆವು. ಬ್ಯಾಟರಿಯ ಬಳಿ 12.4 ವೋಲ್ಟ್, ದೀಪದ ಬಳಿ 10.2. ನಡುವೆ ಎರಡು ವೋಲ್ಟಿಗೂ ಮೀರಿ ಮಾಯ! ದೀಪ ಹಾಕಿಕೊಟ್ಟವರು ಹೋದ ದಾರಿಯಲ್ಲೆಲ್ಲ ಕೂದಲಿನಂಥ ತಂತಿ ಎಳೆದಿದ್ದರು. 0.75 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ 0.023 ಓಮ್ ರೋಧ. ಐದು ಮೀಟರಿಗೆ 0.115 ಓಮ್. 55 ವ್ಯಾಟಿನ ಎರಡು ದೀಪಗಳು 9.2 ಆಂಪಿಯರ್ ಎಳೆಯುತ್ತವೆ. ಓಮನ ನಿಯಮದಂತೆ ಗುಣಿಸಿದರೆ ಒಂದು ವೋಲ್ಟು ತಂತಿಯಲ್ಲೇ ಹೋಯಿತು. ಇನ್ನೊಂದನ್ನು ಸವೆದ ಸ್ವಿಚ್ಚೂ ತುಕ್ಕು ಹಿಡಿದ ಅರ್ತಿಂಗೂ ತಿಂದಿದ್ದವು. ವೋಲ್ಟೇಜು ಆರರಲ್ಲಿ ಒಂದು ಪಾಲು ಇಳಿದರೆ ಬೆಳಕೂ ಆರರಲ್ಲಿ ಒಂದು ಪಾಲು ಇಳಿಯುತ್ತದೆಂದು ನೀವು ಊಹಿಸಬಹುದು. ತಂತುದೀಪದಲ್ಲಿ ಹಾಗಲ್ಲ. ತಂತುವಿನ ತಾಪ ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಅದು ಏರಿಳಿಯುತ್ತದೆ. ನಮ್ಮ ಅಳತೆಗೆ ಲೆಕ್ಕ ಹಾಕಿದರೆ ಬೆಳಕು ಅರ್ಧಕ್ಕೆ ಬಂದು ನಿಂತಿತ್ತು.

ಉಪಾಯ ಸರಳ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯಲ್ಲಿ ನೇರ ದೀಪಕ್ಕೆ ವಿದ್ಯುತ್ತು ಹೋಗಲಿ. ನಡುವೆ ಒಂದು ರಿಲೇ ಇರಲಿ. ರಿಲೇ ಎಂದರೆ ವಿದ್ಯುತ್ಕಾಂತದಿಂದ ಮುಚ್ಚಿ ತೆರೆಯುವ ಸ್ವಿಚ್ಚು. ಚಾಲಕನ ಕೈಯ ಸ್ವಿಚ್ಚು ಆ ಕಾಂತಕ್ಕೆ ಬೇಕಾದ ಅಲ್ಪ ವಿದ್ಯುತ್ತನ್ನು ಮಾತ್ರ ಹಾಯಿಸುತ್ತದೆ, ಭಾರವೆಲ್ಲ ರಿಲೇಯದು. ಎರಡೂವರೆ ಚದರ ಮಿಲಿಮೀಟರಿನ ತಂತಿ ತಂದು, ಅರ್ತಿಂಗಿನ ತುಕ್ಕು ಕೆರೆದು, ರಿಲೇ ಕೂರಿಸಲು ಊರಿನ ಮೆಕ್ಯಾನಿಕ್ ಒಂದು ಮಧ್ಯಾಹ್ನ ತೆಗೆದುಕೊಂಡರು. ಸಂಜೆ ಹತ್ತಿಸಿದಾಗ ಜೀಪಿನ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. "ಆವತ್ತು ಇದೇ ಇತ್ತಲ್ಲ ಮಾರಾಯ್ರೇ, ಇಲ್ಲೇ ಇತ್ತಲ್ಲ" ಎಂದರು. ಫ್ಯೂಸು ಮರೆತರೆ ಮಾತ್ರ ಈ ದಪ್ಪ ತಂತಿಯೇ ಬೆಂಕಿಗೆ ದಾರಿ. ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಬಲ ಅಲ್ಲಿ ಉರಿಯುತ್ತದೆ. ಆದ್ದರಿಂದ ಫ್ಯೂಸನ್ನು ಬ್ಯಾಟರಿಯ ಮಗ್ಗುಲಲ್ಲೇ ಹಾಕಿಸಬೇಕು.

ನೀರಿನ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳ್ಳ ದಾಟುವಾಗ ಕಾದ ದೀಪ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸಣ್ಣ ಬಿರುಕಿದ್ದರೂ ನೀರನ್ನು ಒಳಗೆಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ಐಪಿ67 ಎಂದಿದ್ದರೆ ಧೂಳು ನುಗ್ಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಮಲೆನಾಡಿಗೆ ಅದಕ್ಕಿಂತ ಕಡಿಮೆಯದು ಬೇಡ. ತಗ್ಗಿನ ದೀಪಕ್ಕೆ ಕೆಸರು ಬಹಳ ಎರಚುತ್ತದೆ. ಒಂದು ಚಿಂದಿ ಬಟ್ಟೆಯಿಂದ ಆಗಾಗ ಇಳಿದು ಒರೆಸುವುದಕ್ಕೆ ಸಮನಾದ ಸುಧಾರಣೆ ಯಾವ ಅಂಗಡಿಯಲ್ಲೂ ಸಿಗದು.

ಇಲ್ಲಿಯವರೆಗೆ ಚಾಲಕನ ಕಣ್ಣಿನ ಮಾತಾಯಿತು. ರಸ್ತೆಯಲ್ಲಿ ಬೇರೆ ಕಣ್ಣುಗಳೂ ಇವೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನು ಕಳೆದುಕೊಳ್ಳಲು ಒಂದು ಕ್ಷಣ ಸಾಕು. ಎದುರಿನಿಂದ ಬೈಕಿನಲ್ಲಿ ಬರುತ್ತಿರುವವನು ನಿಮ್ಮ ಪಟ್ಟಿಯ ಬೆಳಕು ತಾಗಿದ ಮೇಲೆ ಕೆಲವು ಸೆಕೆಂಡು ಕುರುಡನೇ. 30 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಅವನು 25 ಮೀಟರ್ ಹೋಗುತ್ತಾನೆ. ಘಟ್ಟದ ರಸ್ತೆಯಲ್ಲಿ ಅಷ್ಟು ದೂರಕ್ಕೆ ಒಂದು ತಿರುವು ಬಂದಿರುತ್ತದೆ. ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಸುತ್ತಿನ ಕಾಡಿನಲ್ಲಿ ರಾತ್ರಿ ರಸ್ತೆ ದಾಟುವ ಕಾಟಿ, ಕಡವೆಗಳ ಕಣ್ಣಿನ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವೇ ಇದೆ. ಮಸುಕಿನಲ್ಲೂ ಕಾಣಲೆಂದು ಇರುವ ಕಣ್ಣು ಅದು. ಪ್ರಖರ ಬೆಳಕಿಗೆ ಸಿಕ್ಕ ಪ್ರಾಣಿ ಎಷ್ಟೋ ಸಲ ಓಡದೆ ನಿಂತೇಬಿಡುತ್ತದೆ. ದೀಪ ತಗ್ಗಿಸಿ, ಕಾದು, ಅದು ದಾಟಿದ ಮೇಲೆ ಹೋಗುವುದೇ ಕ್ರಮ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯ ನಿಯಮದಂತೆ ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟು, ಸರ್ಚ್‌ಲೈಟು ಇರಕೂಡದು. ವಿಶೇಷ ಸಂದರ್ಭಗಳಲ್ಲಿ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಪಡೆದರೆ ಮಾತ್ರ ವಿನಾಯಿತಿ. ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕೆಂಬುದಕ್ಕೂ ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಪ್ರಖರ ಎಲ್‌ಇಡಿ ದೀಪಗಳ ವಿರುದ್ಧ ಕಾರ್ಯಾಚರಣೆಯನ್ನೇ ನಡೆಸಿದರು. ದಂಡದ ಭಯಕ್ಕಿಂತ ಒಂದು ಸಂಜೆ ನಿಮ್ಮ ಶಾಲೆಯ ಗೋಡೆಯ ಮುಂದೆ ಮನೆಯ ವಾಹನವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ನೋಡುವುದು ಉಪಯುಕ್ತ. ಗೋಡೆಗೆ 10 ಮೀಟರ್ ದೂರದಲ್ಲಿ ನಿಲ್ಲಿಸಿ, ದೀಪದ ನಡುಮಟ್ಟವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ತಿರುಪು ತಿರುಗಿಸಿ ಇಳಿಸಬಹುದು. ಹೊಸ ದೀಪದ ಯೋಚನೆ ಆಮೇಲೆ ಮಾಡಿ. ಹೀಗೆ ಸರಿಪಡಿಸಿದ ಎಷ್ಟೋ ಜೀಪುಗಳಿಗೆ ಹೊಸ ದೀಪವೇ ಬೇಕಾಗುವುದಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ, ಉಕ್ಕಿನ ಹುರಿಗಳಿಂದ ತೂಗುವ ಸೇತುವೆ. ರಾತ್ರಿಯ ರೋಗಿಗೆ ಈಗ ಲಾಂಚಿನ ಕಾಯುವಿಕೆ ಇಲ್ಲ, ಕೋಗಾರಿನ ಸುತ್ತೂ ಇಲ್ಲ. ಆದರೆ ಸೇತುವೆಯವರೆಗೆ ಬರುವ ಒಳದಾರಿಗಳು, ತೋಟದ ಮನೆಗಳ ಇಳಿಜಾರುಗಳು ಹಾಗೆಯೇ ಇವೆ. ಜುಲೈ ತಿಂಗಳ ಮೋಡವೂ ಹಿಂದಿನಂತೆಯೇ ರಸ್ತೆಗೆ ಇಳಿಯುತ್ತದೆ.

ಈ ಎರಡು ದೀಪಗಳನ್ನೂ ನಾನು ಈ ವಾರವೇ ಹಿಂದಿರುಗಿಸಬೇಕು. ಹಳದಿಯದು ಜೋಡಿಯಲ್ಲಿ ಒಂದು. ಜೀಪು ಈಗ ಒಂಟಿಗಣ್ಣಿನಲ್ಲಿ ಓಡಾಡುತ್ತಿದೆ, ಬೇಗ ತನ್ನಿ ಎಂದು ಯಜಮಾನರು ಎರಡು ಸಲ ಫೋನು ಮಾಡಿದ್ದಾರೆ. ಪಟ್ಟಿಯೂ ಬೇಕಂತೆ. ಅದನ್ನು ಅವರು ಜೀಪಿನಿಂದ ಬಿಚ್ಚಿ ಬಹಳ ದಿನವಾಯಿತು. ಅಂಗಳದ ಚಪ್ಪರದ ಕಂಬಕ್ಕೆ ಕಟ್ಟಿ, ಹಳೆಯ ಬ್ಯಾಟರಿಯೊಂದಕ್ಕೆ ಸೇರಿಸಿದ್ದಾರೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತ ಹತ್ತು ಹನ್ನೆರಡು ಜನಕ್ಕೆ ಅದರ ಬೆಳಕು ಧಾರಾಳವಾಗಿ ಸಾಲುತ್ತದೆ.